ಭೂಮಿಕಳ ನಾಲ್ಕನೇ ವಿಷಯ

2017ರ ಜೂನ್‌ನಲ್ಲಿ ನಾನು ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕಿಯಾಗಿದ್ದೆ. ಅದರ ಜೊತೆಗೆ ಪ್ರವೇಶ ಸಮಿತಿಯ ಸಂಚಾಲಕಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕಾಲೇಜಿನ ಹೆಸರು ಇಲ್ಲಿ ಬೇಡ. ಭಾರತೀನಗರದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು ಎಂದರೆ ಸಾಕು. ನಾನು ದಿನವೂ ಮಂಡ್ಯದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಮೂವತ್ತು ವರ್ಷಗಳಿಂದ ದಿನಚರಿ ಬರೆಯುತ್ತಿದ್ದೇನೆ. ಈ ಬರಹಕ್ಕಾಗಿ 2017ರಿಂದ 2019ರವರೆಗಿನ ಮೂರು ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅವುಗಳಲ್ಲಿ ಇಲ್ಲದ್ದನ್ನು ಬರೆಯುವಾಗ ಹಾಗೆಂದು ಹೇಳಲು ಪ್ರಯತ್ನಿಸುತ್ತೇನೆ. ಈ ಎಚ್ಚರ ನನಗೆ ಹುಟ್ಟಿನಿಂದ ಬಂದದ್ದಲ್ಲ. ಯಾಕೆ ಬಂತು ಎಂಬುದೇ ಈ ಪ್ರಕರಣ.

ಪಿಯುಸಿ ಪ್ರವೇಶದ ಬಗ್ಗೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಣೆ. ಹತ್ತನೇ ತರಗತಿ ಮುಗಿಸಿದ ಮಗು ವಿಜ್ಞಾನಕ್ಕೆ ಬಂದರೆ ಎರಡು ಭಾಷೆಗಳ ಜೊತೆಗೆ ನಾಲ್ಕು ಐಚ್ಛಿಕ ವಿಷಯಗಳನ್ನು ಆರಿಸಿಕೊಳ್ಳಬೇಕು. ಈ ನಾಲ್ಕರ ಗುಂಪಿಗೆ ಕಾಂಬಿನೇಷನ್ ಎನ್ನುತ್ತಾರೆ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎಲ್ಲರಿಗೂ ಇರುತ್ತವೆ. ಗಣಿತ, ಜೀವಶಾಸ್ತ್ರ ಎರಡನ್ನೂ ಸೇರಿಸಿಕೊಂಡರೆ ಅದು ಪಿಸಿಎಂಬಿ, ಎಲ್ಲಕ್ಕಿಂತ ಭಾರವಾದದ್ದು. ನಮ್ಮ ಕಾಲೇಜಿನಲ್ಲಿ ಗಣಿತದ ಜಾಗದಲ್ಲಿ ಗೃಹವಿಜ್ಞಾನ ತೆಗೆದುಕೊಳ್ಳುವ ಅವಕಾಶವೂ ಇತ್ತು. ಕನ್ನಡ ಮಾಧ್ಯಮದಿಂದ ಬಂದು ಗಣಿತಕ್ಕೆ ಹೆದರುವ ಹೆಣ್ಣುಮಕ್ಕಳು ಅತ್ತ ಹೋಗುತ್ತಿದ್ದರು. ಅಂಕ ಹೆಚ್ಚು ಸಿಗುತ್ತದೆಂದು ಒಂದಕ್ಷರ ಬಾರದಿದ್ದರೂ ಸಂಸ್ಕೃತ ಭಾಷೆ ಆರಿಸಿಕೊಳ್ಳುವ ಜಾಣರೂ ಇದ್ದರು. ತಂದೆತಾಯಿಗಳು ಕೇಳುತ್ತಿದ್ದುದು ಹೆಚ್ಚಾಗಿ ಎರಡೇ ಪ್ರಶ್ನೆ. ‘ಇದ್ರಲ್ಲಿ ಫೇಲಾಗಾಕಿಲ್ವಾ?’ ಮತ್ತು ‘ಇದ್ರಲ್ಲಿ ಡಾಕ್ಟ್ರಾಗ್ಬೋದಾ?’ ಎರಡಕ್ಕೂ ಒಟ್ಟಿಗೆ ಹೌದು ಎನ್ನಬಹುದಾದ ಕಾಂಬಿನೇಷನ್ ಯಾವುದೂ ಇಲ್ಲ.

ಈ ಗೊಂದಲಕ್ಕೆ ನಾನೇ ಒಂದು ಪದ್ಧತಿ ಮಾಡಿದ್ದೆ. ಹಾಜರಿ ಪುಸ್ತಕದಲ್ಲಿ ಮೊದಲ ಒಂದೂವರೆ ತಿಂಗಳು ಹೆಸರುಗಳನ್ನು ಪೆನ್ಸಿಲ್‌ನಲ್ಲಿ ಬರೆಯುವುದು. ಮಗು ಕೂತು ನೋಡಲಿ, ಆಗದಿದ್ದರೆ ಅಳಿಸಿ ಇನ್ನೊಂದು ಪುಸ್ತಕಕ್ಕೆ ಬರೆದರಾಯಿತು. ಜುಲೈ ಕೊನೆಯ ಹೊತ್ತಿಗೆ ಶಾಯಿ. ಅಷ್ಟರೊಳಗೆ ಇಲಾಖೆಯ ಆನ್‌ಲೈನ್ ಪೋರ್ಟಲ್‌ಗೆ ಪ್ರತಿ ವಿದ್ಯಾರ್ಥಿಯ ವಿಷಯಗಳನ್ನು ಏರಿಸಬೇಕು. ಆ ಕೆಲಸ ನಮ್ಮ ಗುಮಾಸ್ತ ಬಸವರಾಜುವಿನದು. ಅವನು ಈ ಪದ್ಧತಿಯನ್ನು ಗೇಲಿ ಮಾಡುತ್ತಿದ್ದ. ‘ಮೇಡಂ, ನಿಮ್ ಪುಸ್ತಕಕ್ಕೆ ರಬ್ಬರ್ ಅದೆ, ನನ್ ಕಂಪ್ಯೂಟರ್‌ಗೆ ಎಲ್ಲದೆ?’ ನಾನು ನಗುತ್ತಿದ್ದೆ. ಇದರಿಂದ ಎಷ್ಟೋ ಮಕ್ಕಳು ಉಳಿದುಕೊಂಡಿದ್ದರು ಎಂಬ ಹೆಮ್ಮೆ ನನಗಿತ್ತು.

ಭೂಮಿಕ ಬಂದದ್ದು ಆ ಜೂನ್‌ನಲ್ಲಿ. ಮಳವಳ್ಳಿ ರಸ್ತೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, 625ಕ್ಕೆ 591 ಅಂಕ. ಜೊತೆಗೆ ತಂದೆ ಸಿದ್ದೇಗೌಡರು. ಅವರಿಗೆ ಒಂದೂವರೆ ಎಕರೆ ನಾಲೆ ಬಯಲಿನ ಗದ್ದೆಯಿತ್ತು, ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಯ ಗೇಟಿನಲ್ಲಿ ಗಾಡಿಗಳಿಗೆ ಟೋಕನ್ ಕೊಡುವ ಕೆಲಸವೂ ಇತ್ತು. ಅರ್ಜಿಯನ್ನು ನನ್ನ ಮುಂದಿಟ್ಟು, ‘ಯಾವ್ದು ಕಷ್ಟವೋ ಅದ್ಕೇ ಆಕಿ ಮೇಡಮ್ಮಾರೇ. ನಮ್ ಎಣ್ಣುಮಗ ಓದ್ತದೆ,’ ಎಂದರು. ಹುಡುಗಿ ನೆಲ ನೋಡುತ್ತಿದ್ದಳು. ನಾನು ಪಿಸಿಎಂಬಿ ಎಂದು ಬರೆದೆ. ಅವಳಿಗೆ ಏನಾಗಬೇಕೆಂದಿದೆ ಎಂದು ಕೇಳಿದೆನೇ? ದಿನಚರಿಯಲ್ಲಿ ಇಲ್ಲ. ಕೇಳಿರಲಾರೆ. ಆ ಅಂಕ ನೋಡಿದವರೆಲ್ಲ ಡಾಕ್ಟರ್ ಎಂದುಕೊಳ್ಳುತ್ತಿದ್ದರು, ನಾನೂ ಅಂದುಕೊಂಡಿರಬೇಕು.

ಜುಲೈ ಎರಡನೇ ವಾರದ ಕಿರುಪರೀಕ್ಷೆಯಲ್ಲಿ ಗಣಿತದಲ್ಲಿ ಅವಳಿಗೆ ಇಪ್ಪತ್ತೈದಕ್ಕೆ ನಾಲ್ಕು ಬಂತು. ಪ್ರಶ್ನೆಯೇ ಅರ್ಥವಾಗಿರಲಿಲ್ಲ. ‘ಗಣ’ ಎಂದು ಕಲಿತು ಬಂದವಳಿಗೆ ‘ಸೆಟ್’ ಎಂದರೆ ಏನೆಂದು ಹೊಳೆಯಲು ಹತ್ತು ದಿನ ಹಿಡಿದಿತ್ತಂತೆ. ಮರುದಿನ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತಳು. ಕಣ್ಣು ಊದಿತ್ತು.

‘ಮೇಡಂ, ಮ್ಯಾತ್ಸ್ ಬುಡ್ಸಿಬುಡಿ. ನನ್ ಕೈಲಿ ಆಗಾಕಿಲ್ಲ.’

‘ಅಪ್ಪನಿಗೆ ಹೇಳಿದ್ದೀಯೇನಮ್ಮ?’

‘ಏಳಿಲ್ಲ. ಅವ್ರಿಗೆ ಏಳ್‌ಬ್ಯಾಡಿ ಮೇಡಂ. ಊರೆಲ್ಲಾ ಏಳ್ಕೊಂಡ್ ಬಂದವ್ರೆ, ನನ್ ಮಗ್ಳು ಕಷ್ಟದ್ದೇ ತಗಂಡವ್ಳೆ ಅಂತ.’

ನನಗೆ ಹೆದರಿಕೆಯಾಯಿತು. ಅದಕ್ಕೆ ಹಿಂದಿನ ವರ್ಷ ನಮ್ಮಲ್ಲೇ ಒಬ್ಬಳು ಇದೇ ಸ್ಥಿತಿಯಲ್ಲಿ ಓದು ಬಿಟ್ಟು ಮನೆಯಲ್ಲಿ ಕೂತಿದ್ದಳು. ಆ ದಿನವೇ ಭೂಮಿಕಳ ಹೆಸರನ್ನು ಗಣಿತದ ಪುಸ್ತಕದಲ್ಲಿ ಅಳಿಸಿ ಗೃಹವಿಜ್ಞಾನಕ್ಕೆ ಬರೆದೆ. ಬಸವರಾಜುವಿಗೂ ಹೇಳಿದೆ. ಅದು ದಿನಚರಿಯಲ್ಲಿದೆ: ‘ಭೂಮಿಕ ಎಸ್. ಗೃಹವಿಜ್ಞಾನಕ್ಕೆ. ಬ.ರಾಜುಗೆ ಹೇಳಿದೆ.’ ಅವನು ಅಂದೇ ಪೋರ್ಟಲ್‌ನಲ್ಲಿ ಹಾಗೇ ಏರಿಸಿದ.

ಹನ್ನೆರಡು ದಿನ ಕಳೆದ ಮೇಲೆ ಅವಳು ಮತ್ತೆ ಬಂದಳು. ಸೋಮವಾರ ಬೆಳಿಗ್ಗೆ ತಂದೆಯ ಜೊತೆ ಬಿತ್ತನೆ ಭತ್ತ ತರಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿದ್ದಳಂತೆ. ಅಲ್ಲಿ ಪ್ಯಾಂಟು ಷರ್ಟು ತೊಟ್ಟ ಕೃಷಿ ಅಧಿಕಾರಿ, ಹೆಂಗಸು, ಸಾಲಿನಲ್ಲಿ ನಿಂತ ಗಂಡಸರಿಗೆಲ್ಲ ಬೀಜೋಪಚಾರ ಹೇಳಿಕೊಡುತ್ತಿದ್ದಳು. ಭೂಮಿಕ ಆಕೆಯನ್ನೇ ಕೇಳಿದ್ದಾಳೆ, ನೀವು ಏನು ಓದಿದ್ದು ಎಂದು.

‘ಮೇಡಂ, ಬಿಎಸ್ಸಿ ಅಗ್ರಿಗೆ ಪಿಯುಸೀಲಿ ಮ್ಯಾತ್ಸೂ ಇರ್ಬೇಕಂತೆ, ಬಯಾಲಜೀನೂ ಇರ್ಬೇಕಂತೆ. ಸಿಇಟೀಲಿ ನಾಲ್ಕೂ ಬರೀಬೇಕಂತೆ. ನಂಗೆ ಅದೇ ಆಗ್ಬೇಕು. ಚಿಕ್ಕೋಳಿಂದ್ಲೂ ಅದೇ.’

‘ಮೊದಲೇ ಯಾಕೆ ಹೇಳಲಿಲ್ಲ?’

‘ನೀವು ಕೇಳ್ಲಿಲ್ವಲ್ಲ ಮೇಡಂ.’

ಈ ಮಾತು ದಿನಚರಿಯಲ್ಲಿದೆ. ಕೆಳಗೆ ಗೆರೆ ಎಳೆದಿದ್ದೇನೆ. ಹೆದರಿದ ಮಗುವಿಗೆ ದಾರಿ ಸುಲಭ ಮಾಡಿಕೊಟ್ಟೆ ಎಂದುಕೊಂಡಿದ್ದ ನಾನು ಅವಳಿಗೆ ಬೇಕಾದ ಬಾಗಿಲನ್ನೇ ಮುಚ್ಚಿದ್ದೆ. ಕೃಷಿ ಪದವಿಗೆ ಸೀಟುಗಳು ಕಡಿಮೆ, ಕೇಳುವವರು ಬಹಳ. ಪಿಯುಸಿ ಅಂಕ, ಸಿಇಟಿ ಅಂಕ ಸೇರಿಸಿ ರ್‍ಯಾಂಕ್ ಕೊಡುತ್ತಾರೆ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಬೀಜ, ಕಳೆ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಗಣಿತ ಓದದವರು ಆ ಸಾಲಿನಲ್ಲಿ ನಿಲ್ಲುವಂತೆಯೇ ಇಲ್ಲ. ನಾನು ಅವಳ ಹೆಸರನ್ನು ಗೃಹವಿಜ್ಞಾನದಿಂದ ಅಳಿಸಿ ಮತ್ತೆ ಗಣಿತದ ಪುಸ್ತಕಕ್ಕೆ ಬರೆದೆ. ತಿಂಗಳ ಕೊನೆಯಲ್ಲಿ ಶಾಯಿಯಿಂದ ತಿದ್ದಿದೆ.

ಆಮೇಲಿನ ಒಂದೂವರೆ ವರ್ಷ ಚುಟುಕಾಗಿ ಹೇಳಬಹುದು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ನನ್ನ ಮೇಜಿನ ಪಕ್ಕ ಕೂರುತ್ತಿದ್ದಳು. ಲೆಕ್ಕವನ್ನು ಮೊದಲು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಅರ್ಧವಾರ್ಷಿಕದಲ್ಲಿ ನೂರಕ್ಕೆ ಮೂವತ್ತೆಂಟು, ವಾರ್ಷಿಕ ಪರೀಕ್ಷೆಯಲ್ಲಿ ಅರವತ್ತೊಂದು. ಅವಳು ತೆಳ್ಳಗಾಗುತ್ತಿದ್ದಳು. ಬೆಳಗಿನ ಬಸ್ಸು ತಪ್ಪಿದರೆ ಕಬ್ಬಿನ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಡ್ರೈವರನ ಪಕ್ಕ ಕೂತು ಬರುತ್ತಿದ್ದಳು. ನನಗೆ ಪ್ರತಿ ಪರೀಕ್ಷೆಯ ಮುನ್ನಾದಿನವೂ ಭಯ. ಇವಳು ಕುಸಿದರೆ ಕುಸಿಯುವಂತೆ ಮಾಡಿದವಳು ನಾನೇ ಅನ್ನಿಸುತ್ತಿತ್ತು. ಎರಡನೇ ವರ್ಷದ ಮೊದಲ ಪರೀಕ್ಷೆಯಲ್ಲಿ ತರಗತಿಯ ಮೊದಲ ಹತ್ತು ಜನರಲ್ಲಿ ಬಂದಳು. ಆಗ ಸ್ವಲ್ಪ ಉಸಿರಾಡಿದೆ.

2018ರ ಡಿಸೆಂಬರ್, ಒಂದು ಮಂಗಳವಾರ. ಬಸವರಾಜು ಒಂದು ಕಟ್ಟು ಹಾಳೆ ತಂದು ಮೇಜಿನ ಮೇಲಿಟ್ಟ. ದ್ವಿತೀಯ ಪಿಯುಸಿ ಪರೀಕ್ಷೆಗೆ ಕೂರುವವರ ಕರಡು ಪಟ್ಟಿ. ಇಲಾಖೆ ಪೋರ್ಟಲ್‌ನಲ್ಲಿರುವ ವಿವರಗಳನ್ನು ಮುದ್ರಿಸಿ ಕಳಿಸುತ್ತದೆ, ನಾವು ನೋಡಿ ಸಹಿ ಮಾಡಬೇಕು, ಅದರಂತೆಯೇ ಹಾಲ್‌ಟಿಕೆಟ್ ಬರುತ್ತದೆ. ಹೆಸರು, ಜನ್ಮದಿನ, ಭಾಷೆ ನೋಡುತ್ತಾ ಹೋದೆ. ಮೂರನೇ ಹಾಳೆಯಲ್ಲಿ ಭೂಮಿಕ ಎಸ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗೃಹವಿಜ್ಞಾನ.

ಎರಡು ಸಲ ಓದಿದೆ. ಆ ಸಾಲಿನ ಮೇಲೆ ಕೈ ಇಟ್ಟು ಮುಚ್ಚಿದ್ದು ನೆನಪಿದೆ, ಪಕ್ಕದವರು ಓದಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬಂತೆ.

ಇದು ಹೇಗೆ ಒಂದೂವರೆ ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ? ಉತ್ತರ ಸರಳ. ನಮ್ಮ ಹಾಜರಿ ಪುಸ್ತಕ, ಅಂಕಗಳ ಲೆಡ್ಜರು ಎರಡೂ ಕೈಬರಹ. ಅವುಗಳಲ್ಲಿ ಅವಳು ಗಣಿತದ ವಿದ್ಯಾರ್ಥಿನಿ. ಪ್ರಥಮ ಪಿಯುಸಿಯ ಫಲಿತಾಂಶವನ್ನು ಪೋರ್ಟಲ್‌ಗೆ ಏರಿಸುವಾಗ ಪಾಸು, ಫೇಲು ಎಂದಷ್ಟೇ ಹಾಕಿದ್ದೆವು. ಪುಸ್ತಕವನ್ನೂ ಪೋರ್ಟಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ನಮ್ಮಲ್ಲಿರಲಿಲ್ಲ. ಪುಸ್ತಕ ಸರಿಯಿದ್ದರೆ ಎಲ್ಲ ಸರಿ ಎಂದು ನಂಬಿದ್ದೆವು.

‘ಬಸವರಾಜು, ಇದೇನಿದು? ಈ ಹುಡುಗಿ ವಾಪಸ್ ಗಣಿತಕ್ಕೆ ಬಂದಳು, ತಿದ್ದು ಅಂತ ಹೇಳಿರಲಿಲ್ಲವೇ ನಾನು?’

ಅವನು ಹಾಳೆಯನ್ನು ನೋಡಿದ, ನನ್ನನ್ನು ನೋಡಿದ. ‘ನೀವು ಏಳೇ ಇಲ್ಲ ಮೇಡಂ.’

‘ಹೇಳಿದ್ದೆ. ಕಚೇರಿಯ ಕಿಟಕಿಯ ಹತ್ತಿರ. ನೀನು ಟೀ ಕುಡೀತಿದ್ದೆ. ಆಯ್ತು ಮೇಡಂ, ನಾಳೆ ಮಾಡ್ತೀನಿ ಅಂದೆ.’

‘ಟೀ ನಾನು ದಿನಾ ಕುಡೀತೀನಿ. ಇದ್ ಮಾತ್ರ ಏಳ್ಲಿಲ್ಲ. ಏಳಿದ್ರೆ ಮಾಡ್ದೆ ಬುಡ್ತಿದ್ನಾ? ಐದ್ ನಿಮ್ಷದ್ ಕೆಲ್ಸ.’

‘ಸುಳ್ಳು ಹೇಳಬೇಡ.’

ಅವನ ಮುಖ ಕಪ್ಪಿಟ್ಟಿತು. ‘ಇಪ್ಪತ್ ವರ್ಷದಲ್ಲಿ ಇಂಗ್ ಯಾರೂ ಅಂದಿರ್ಲಿಲ್ಲ ನಂಗೆ,’ ಎಂದು ಹೇಳಿ ಹೊರಟುಹೋದ.

ಪ್ರಾಂಶುಪಾಲರು ನನ್ನನ್ನು ಕೂರಿಸಿ ನೀರು ಕೊಟ್ಟರು. ವಿಷಯ ಬದಲಾವಣೆ ಈ ಹಂತದಲ್ಲಿ ಕಾಲೇಜಿನ ಕೈಯಲ್ಲಿಲ್ಲ, ಮಂಡ್ಯದ ಉಪನಿರ್ದೇಶಕರ ಕಚೇರಿಯಿಂದ ಶಿಫಾರಸು ಬೇಕು, ಅಲ್ಲಿಂದ ತಿದ್ದುಪಡಿಗಳ ಕಂತೆ ಶುಕ್ರವಾರ ಬೆಂಗಳೂರಿಗೆ ಹೋಗುತ್ತದೆ, ಅದೇ ಕೊನೆಯದು ಎಂದರು. ‘ನೀವೇ ಹೋಗಿ ಬನ್ನಿ ಮೇಡಂ. ಯಾರು ಎಡವಿದ್ದು ಅಂತ ಅವರು ಕೇಳ್ತಾರೆ. ಗುಮಾಸ್ತನ ತಪ್ಪು ಅಂತಲೇ ಬರೀಬೇಕಾಗುತ್ತೆ.’

ಸಂಜೆ ಮನೆಗೆ ಬಂದವಳು ಕೈಕಾಲು ತೊಳೆಯದೆ 2017ರ ದಿನಚರಿ ತೆಗೆದೆ. ಬಸವರಾಜುವಿನ ಮುಖಕ್ಕೆ ಹಿಡಿಯಲು ಒಂದು ಸಾಲು ಬೇಕಿತ್ತು ನನಗೆ. ಭೂಮಿಕ ಮರಳಿ ಬಂದ ದಿನದ ಪುಟ ಸಿಕ್ಕಿತು. ‘ನೀವು ಕೇಳ್ಲಿಲ್ವಲ್ಲ’ ಎಂಬ ಮಾತು, ಅದರ ಕೆಳಗೆ ಗೆರೆ. ಅದರ ಮುಂದಿನ ಸಾಲು: ‘ಬ.ರಾಜು ಈ ವಾರವಿಡೀ ರಜೆ, ಮಗಳ ಮದುವೆ. ಕಚೇರಿ ಬೀಗ. ಜೆರಾಕ್ಸಿಗೂ ಹೊರಗೆ ಹೋಗಬೇಕಾಯಿತು.’

ಆ ವಾರ ಅವನು ಕಚೇರಿಗೇ ಬಂದಿರಲಿಲ್ಲ. ಮುಂದಿನ ವಾರದ ಪುಟಗಳನ್ನು ಓದಿದೆ. ಅದರ ಮುಂದಿನ ವಾರದ್ದನ್ನೂ ಓದಿದೆ. ಆ ಮದುವೆಯ ಊಟಕ್ಕೆ ನಾನೇ ಹೋಗಿಬಂದ ವಿವರವಿತ್ತು, ಒಬ್ಬಟ್ಟು ಚೆನ್ನಾಗಿತ್ತು ಎಂದಿತ್ತು. ಭೂಮಿಕಳ ಹೆಸರನ್ನು ತಿದ್ದಲು ಹೇಳಿದ್ದು ಎಲ್ಲಿಯೂ ಇರಲಿಲ್ಲ. ಕಿಟಕಿ, ಟೀ, ‘ಆಯ್ತು ಮೇಡಂ’ ಎಂಬ ಅವನ ದನಿ ಎಲ್ಲವೂ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಬೇರೆ ಯಾವುದೋ ಮಗುವಿನ ವಿಷಯಕ್ಕೆ ಆಡಿದ ಮಾತನ್ನು ತಲೆ ತಂದು ಇಲ್ಲಿ ಜೋಡಿಸಿರಬೇಕು. ಆ ಹೊತ್ತಿಗೆ ನನಗಾದ ಭಯ ಪಟ್ಟಿ ನೋಡಿದಾಗಿನ ಭಯಕ್ಕಿಂತ ಬೇರೆ ತರಹದ್ದು. ನಾನು ಸುಳ್ಳು ಹೇಳಿರಲಿಲ್ಲ. ನೆನಪಿದ್ದುದನ್ನೇ ಹೇಳಿದ್ದೆ. ಹಾಗೆಯೇ ಆಣೆ ಮಾಡಿಯೂ ಹೇಳುತ್ತಿದ್ದೆ, ಒಬ್ಬ ಮನುಷ್ಯನ ಕೆಲಸಕ್ಕೆ ಕಲ್ಲು ಹಾಕುತ್ತಿದ್ದೆ.

ಬುಧವಾರ ಬೆಳಿಗ್ಗೆ ಉಪನಿರ್ದೇಶಕರ ಕಚೇರಿಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತಿದ್ದೆ. ನಿವೃತ್ತಿಗೆ ಇನ್ನು ಆರು ತಿಂಗಳೂ ಉಳಿದಿರಲಿಲ್ಲ. ಇಲಾಖಾ ವಿಚಾರಣೆ ಶುರುವಾದರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಗೊತ್ತಿಲ್ಲ. ದಿನಚರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ ಎಂಬ ಯೋಚನೆ ಆ ಬೆಂಚಿನ ಮೇಲೆ ಬಂದದ್ದನ್ನು ಒಪ್ಪಿಕೊಳ್ಳುತ್ತೇನೆ. ಒಂದೇ ಸಲ ಬಂದದ್ದೂ ಅಲ್ಲ.

ಉಪನಿರ್ದೇಶಕರು ನನಗಿಂತ ಚಿಕ್ಕವರು, ಮಿತಭಾಷಿ. ನಾನು ಒಯ್ದಿದ್ದ ಲೆಡ್ಜರು, ಹಾಜರಿ ಪುಸ್ತಕ ತಿರುವಿ ನೋಡಿದರು.

‘ಇವೆಲ್ಲ ನೀವು ಬರೆದವು ಮೇಡಂ. ಇವತ್ತು ಬೆಳಿಗ್ಗೆಯೂ ಬರೆದಿರಬಹುದು. ಕೊನೆ ಗಳಿಗೆಯಲ್ಲಿ ಬೇಕಾದ ವಿಷಯಕ್ಕೆ ಹಾರೋರು ಪ್ರತಿ ವರ್ಷ ಬರ್ತಾರೆ. ಹುಡುಗಿ ಗಣಿತ ಓದಿದ್ದಾಳೆ ಅನ್ನೋದಕ್ಕೆ ಅವಳ ಕೈಬರಹದ ಸಾಕ್ಷಿ ಬೇಕು. ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಇದೆಯಾ?’

‘ಇರಬೇಕು ಸರ್.’

‘ನಾಳೆ ಸಂಜೆ ಐದರೊಳಗೆ ತನ್ನಿ.’

‘ಸಿಗದೇ ಹೋದರೆ?’

‘ಪಟ್ಟಿಯಲ್ಲಿರೋ ಹಾಗೆ ಗೃಹವಿಜ್ಞಾನ ಬರೀಬೇಕು. ಇಲ್ಲ, ಈ ವರ್ಷ ಬಿಡಬೇಕು.’ ಅವರು ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದರು. ‘ತಪ್ಪು ಯಾರದು ಅಂತ ಬರೆದುಕೊಡಿ.’

ಬರೆದೆ. ವಿದ್ಯಾರ್ಥಿನಿ ಗಣಿತಕ್ಕೆ ಮರಳಿದ ವಿಷಯವನ್ನು ಕಚೇರಿಗೆ ತಿಳಿಸದೆ ಹಾಜರಿ ಪುಸ್ತಕದಲ್ಲಿ ಮಾತ್ರ ತಿದ್ದಿದವಳು ನಾನು, ಗುಮಾಸ್ತರ ಪಾತ್ರ ಇದರಲ್ಲಿಲ್ಲ. ಮೂರು ಸಾಲು. ಅವರು ಓದಿ, ಕನ್ನಡಕದ ಮೇಲಿಂದ ನೋಡಿ, ‘ನೋಟಿಸ್ ಬರುತ್ತೆ ಮೇಡಂ,’ ಎಂದರು. ಬರಲಿ ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ತಲೆಯಾಡಿಸಿ ಬಂದೆ.

ಗುರುವಾರ ಬೆಳಿಗ್ಗೆ ಕಾಲೇಜಿಗೆ ಹೋದ ತಕ್ಷಣ ಮೊದಲು ಬಸವರಾಜುವಿನ ಮುಂದೆ ನಿಂತೆ. ‘ನೀನು ಹೇಳಿದ್ದೇ ಸರಿ. ಆ ವಾರ ನೀನು ಮಗಳ ಮದುವೆಯಲ್ಲಿದ್ದೆ. ನಾನು ಹೇಳಿರಲಿಲ್ಲ. ತಪ್ಪಾಯ್ತಪ್ಪ.’

ಅವನು ಮುಂದಿದ್ದ ಕಡತ ಮುಚ್ಚಿದ. ‘ಮದ್ವೇಲಿ ನೀವು ನಾಕ್ ಒಬ್ಬಟ್ಟು ತಿಂದ್ರಿ. ಅದಾದ್ರೂ ಗ್ಯಾಪಕ ಐತಾ?’ ಎಂದ. ಆಮೇಲೆ ದನಿ ಬದಲಾಯಿತು. ‘ಆದ್ರೆ ಮೇಡಂ, ಓದ್ ತಿಂಗ್ಳು ಹಳೇ ಪೇಪರ್‌ನೆಲ್ಲ ರದ್ದಿಗೆ ಆಕುದ್ವಲ್ಲ. ಯಾವ್ ಯಾವ್ ಕಟ್ಟು ಓಯ್ತು ಅಂತ ನಾನು ನೋಡ್ಲಿಲ್ಲ. ಆಳುಗಳು ತುಂಬುದ್ರು.’

ಅಷ್ಟರಲ್ಲಿ ಭೂಮಿಕ ಬಂದಳು. ನನ್ನನ್ನು ಎರಡು ದಿನದಿಂದ ಹುಡುಕುತ್ತಿದ್ದಳಂತೆ, ಇಂಟಿಗ್ರೇಷನ್‌ನ ಒಂದು ಲೆಕ್ಕ ಹಿಡಿದುಕೊಂಡು. ಅವಳಿಗೆ ಹೇಳದಿರುವುದೇ ಒಳ್ಳೆಯದು, ಪರೀಕ್ಷೆ ಹತ್ತಿರವಿದೆ ಎಂದು ಅದುವರೆಗೆ ಅಂದುಕೊಂಡಿದ್ದೆ. ಅವಳ ಕೈಯಲ್ಲಿದ್ದ ಪುಸ್ತಕ ನೋಡಿದ ಮೇಲೆ ಮುಚ್ಚಿಡಲು ಆಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ.

ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ‘ಅಂಗಾರೆ ನಾನು ಇಷ್ಟ್ ದಿನ ಓದಿದ್ದು?’

‘ಅದನ್ನ ತೋರಿಸೋಕೇ ಆ ಪೇಪರ್ ಬೇಕು. ತಪ್ಪು ನನ್ನದು ಕಣಮ್ಮ.’

‘ಮ್ಯಾತ್ಸ್ ಬುಡ್ಸಿ ಅಂತ ಅತ್ಕೊಂಡ್ ಬಂದೋಳು ನಾನೇ ಅಲ್ವಾ ಮೇಡಂ.’

‘ಆಗ ನೀನು ಹದಿನಾರು ವರ್ಷದವಳು. ಹೆದರಿದ್ದೆ. ನನಗೆ ಆ ನೆಪ ಇಲ್ಲ.’

ಉತ್ತರಪತ್ರಿಕೆಗಳನ್ನು ಹಿಂಬದಿಯ ಒಂದು ಕೋಣೆಯಲ್ಲಿ ತುಂಬಿಟ್ಟಿದ್ದೆವು, ಮುರಿದ ಬೆಂಚುಗಳ ಹಿಂದೆ. ಮೂವರೂ ಒಳಗೆ ಹೋದೆವು. ಕಟ್ಟುಗಳ ಮೇಲೆ ಬರೆದ ಚೀಟಿಗಳು ಉದುರಿಹೋಗಿದ್ದವು. ಒಂದೊಂದನ್ನೇ ಬಿಚ್ಚಿ ನೋಡಬೇಕಾಯಿತು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಹನ್ನೊಂದು ಗಂಟೆಯಿಂದ ಎರಡರವರೆಗೆ ಗಣಿತದ ಒಂದು ಹಾಳೆಯೂ ಸಿಗಲಿಲ್ಲ. ಭೂಮಿಕ ಧೂಳಿಗೆ ಕೆಮ್ಮುತ್ತಾ, ಗಂಟು ಬಿಚ್ಚಿ ಮತ್ತೆ ಅಷ್ಟೇ ನೀಟಾಗಿ ಕಟ್ಟಿ ಇಡುತ್ತಿದ್ದಳು. ಹುಡುಕುತ್ತಿದ್ದುದು ತನ್ನ ಒಂದು ವರ್ಷವನ್ನು, ಆದರೂ ಬೇರೆ ಮಕ್ಕಳ ಕಟ್ಟನ್ನು ಹಾಗೇ ಬಿಸಾಡಲು ಅವಳಿಂದ ಆಗುತ್ತಿರಲಿಲ್ಲ. ನಾನು ಬಿಸಾಡುತ್ತಿದ್ದೆ.

ಎರಡೂಕಾಲಿಗೆ ಬಸವರಾಜು ಮೂಲೆಯಿಂದ ‘ಮೇಡಂ’ ಎಂದ. ಆ ದನಿಯಲ್ಲಿ ಸಂತೋಷವಿರಲಿಲ್ಲ. ಗೋಡೆಗೆ ಒತ್ತಿಕೊಂಡಿದ್ದ ಒಂದು ಕಟ್ಟನ್ನು ಎತ್ತಿದ್ದ. ಕೆಳಗಿನ ಭಾಗ ಮಣ್ಣಾಗಿತ್ತು. ಗೆದ್ದಲು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಸರಿಸಿದರೆ ಪುಡಿ ಉದುರುತ್ತಿತ್ತು. ಮೇಲಿನ ಹಾಳೆಯಲ್ಲಿ ಕೆಂಪು ಶಾಯಿಯ ನನ್ನ ಅಕ್ಷರ ಕಂಡಿತು. ಗಣಿತದ್ದೇ.

ನೆಲದ ಮೇಲೆ ಗೋಣಿಚೀಲ ಹಾಸಿ ಒಂದೊಂದಾಗಿ ಬಿಡಿಸಿದೆವು. ಭೂಮಿಕಳೇ ಆ ಕೆಲಸ ಮಾಡಿದಳು. ನರ್ಸರಿಯ ಪೈರನ್ನು ಬೇರು ಕೀಳದಂತೆ ಬಿಡಿಸುತ್ತಾರಲ್ಲ, ಹಾಗೆ. ಮೂವತ್ತೇಳನೆಯದೋ ಮೂವತ್ತೆಂಟನೆಯದೋ ಅವಳದು. ಕೆಳಗಿನ ಅರ್ಧ ಇರಲಿಲ್ಲ. ಮೇಲಿನ ಅರ್ಧದಲ್ಲಿ ನೋಂದಣಿ ಸಂಖ್ಯೆ, ‘ಮ್ಯಾಥಮೆಟಿಕ್ಸ್’ ಎಂದು ಅವಳ ಗುಂಡು ಅಕ್ಷರ, ಕೊಠಡಿ ಮೇಲ್ವಿಚಾರಕರ ಸಹಿ, ವೃತ್ತದೊಳಗೆ ಅರವತ್ತೊಂದು. ಅಷ್ಟು ಉಳಿದಿತ್ತು.

ಅವಳು ಅದನ್ನು ಎರಡು ರಟ್ಟುಗಳ ನಡುವೆ ಇಟ್ಟಳು.

ಹೊತ್ತು ಮೂರೂವರೆಯಾಗಿತ್ತು. ಮಂಡ್ಯದ ಬಸ್ಸು ಹೋಗಿತ್ತು, ಇನ್ನೊಂದಕ್ಕೆ ಮುಕ್ಕಾಲು ಗಂಟೆ. ಭೂಮಿಕ ನನ್ನ ಫೋನಿನಿಂದಲೇ ತಂದೆಗೆ ಕರೆ ಮಾಡಿದಳು. ಸಿದ್ದೇಗೌಡರು ಗೇಟಿನ ಕೆಲಸ ಯಾರಿಗೋ ಒಪ್ಪಿಸಿ ಟಿವಿಎಸ್ ಗಾಡಿಯಲ್ಲಿ ಬಂದರು. ಮಗಳು ಎರಡೇ ಮಾತಿನಲ್ಲಿ ಹೇಳಿದಳು. ಅವರು ನನ್ನತ್ತ ತಿರುಗಿದರು. ಕೂಗಾಡಲಿಲ್ಲ.

‘ಏನ್ ಮೇಡಮ್ಮಾರೇ, ಓದೋ ಮೊಗ ಓದ್ತು. ಬರ್ಕೊಳೋರು ನೀವು ಬರ್ಕೊಳದ್ ಮರ್ತ್‌ಬುಟ್ರಾ?’

ಭೂಮಿಕಳ ಕೈಯಿಂದ ರಟ್ಟುಗಳನ್ನು ತೆಗೆದುಕೊಂಡೆ.

‘ಗಾಡಿ ಅತ್ತಿ,’ ಎಂದರು. ‘ಬಿಗಿಯಾಗಿ ಇಡ್ಕಳಿ. ನನ್ನಲ್ಲ, ಆ ಪೇಪರ್‌ನ.’

ಐವತ್ತೊಂಬತ್ತನೇ ವಯಸ್ಸಿನಲ್ಲಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ರಟ್ಟುಗಳನ್ನು ಎದೆಗೆ ಅವಚಿಕೊಂಡು, ಆ ಗಾಡಿಯ ಹಿಂದೆ ಕೂತು ಮಂಡ್ಯಕ್ಕೆ ಹೋದೆ. ದಾರಿಯುದ್ದಕ್ಕೂ ಕಬ್ಬಿನ ಲೋಡುಗಳು. ಗಾಳಿ ಬೀಸಿದಾಗಲೆಲ್ಲ ರಟ್ಟಿನೊಳಗಿಂದ ಪುಡಿ ಉದುರುತ್ತಿದೆಯೇನೋ ಎಂದು ಕಣ್ಣು ಅಲ್ಲಿಯೇ. ನಾಲ್ಕು ಮುಕ್ಕಾಲಿಗೆ ತಲುಪಿದೆವು. ಉಪನಿರ್ದೇಶಕರು ಹಾಳೆಯನ್ನು ಮುಟ್ಟದೆ, ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಶಿಫಾರಸಿಗೆ ಸಹಿ ಮಾಡಿದರು.

ಭಯ ಅಲ್ಲಿಗೆ ಮುಗಿಯಲಿಲ್ಲ. ಬೆಂಗಳೂರಿನಲ್ಲಿ ಏನಾಯಿತು ಎಂದು ತಿಳಿಯುವ ದಾರಿ ನಮಗಿರಲಿಲ್ಲ. ಜನವರಿ ಇಡೀ ಕಾದೆವು. ಊಟದ ಬಿಡುವಿನಲ್ಲಿ ಅವಳು ಬಂದು ಕೂರುವುದು ಮಾತ್ರ ನಿಲ್ಲಲಿಲ್ಲ. ಬರೆಯಲು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲದ ಪರೀಕ್ಷೆಗೆ ಅವಳು ದಿನಕ್ಕೆ ಹತ್ತು ಲೆಕ್ಕ ಮಾಡುತ್ತಿದ್ದಳು, ನಾನು ತಿದ್ದುತ್ತಿದ್ದೆ. ಒಂದು ದಿನ ಕೇಳಿದೆ, ‘ಭಯ ಆಗಲ್ವೇನೇ ನಿನಗೆ?’

‘ಆಯ್ತದೆ ಮೇಡಂ. ಆದ್ರೆ ಮ್ಯಾತ್ಸ್ ಮಾಡ್ವಾಗ ಆಗಾಕಿಲ್ಲ. ಮುಗ್ಸಿ ಪೆನ್ನು ಮುಚ್ಚಿದ್ ಮ್ಯಾಲೆ ಆಯ್ತದೆ.’

ಫೆಬ್ರವರಿಯಲ್ಲಿ ಹಾಲ್‌ಟಿಕೆಟ್‌ಗಳು ಬಂದವು. ಬಸವರಾಜು ಕಟ್ಟನ್ನು ಬಿಚ್ಚದೆ ನನ್ನ ಹತ್ತಿರ ತಂದ. ‘ನೀವೇ ನೋಡಿ ಮೇಡಂ, ನಂಗೆ ಎದ್ರಿಕೆ,’ ಎಂದ. ಭೂಮಿಕಳದರಲ್ಲಿ ನಾಲ್ಕನೇ ವಿಷಯ ಗಣಿತ ಎಂದಿತ್ತು. ಬಸವರಾಜು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ. ನನಗೆ ಬಂದ ನೋಟಿಸ್‌ಗೆ ಎರಡು ಪುಟದ ಉತ್ತರ ಕೊಟ್ಟೆ. ಎಚ್ಚರಿಕೆಯ ಪತ್ರದೊಂದಿಗೆ ಅದು ಮುಗಿಯಿತು.

ಭೂಮಿಕಳಿಗೆ ಗಣಿತದಲ್ಲಿ ಎಪ್ಪತ್ತಮೂರು ಬಂತು. ಉಳಿದ ಮೂರರಲ್ಲಿ ಅದಕ್ಕಿಂತ ಹೆಚ್ಚು. ರೈತರ ಕೋಟಾದಲ್ಲಿ ಎರಡನೇ ಸುತ್ತಿನಲ್ಲಿ ಸೀಟು ಸಿಕ್ಕಿತು. ಆ ಹೊತ್ತಿಗೆ ನಾನು ನಿವೃತ್ತಳಾಗಿ ಮನೆಯಲ್ಲಿದ್ದೆ. ಸಿದ್ದೇಗೌಡರು ಫೋನು ಮಾಡಿ ವಿಷಯ ಹೇಳಿದರು. ಹರಸಿದೆ. ಒಳ್ಳೆಯದಾಯಿತು ಎಂಬುದರಿಂದ ನಾನು ಮಾಡಿದ್ದು ಸಣ್ಣದಾಗುವುದಿಲ್ಲ. ಗೆದ್ದಲು ಆ ಕಟ್ಟನ್ನು ಮೇಲಿನಿಂದ ತಿನ್ನುತ್ತಾ ಬಂದಿದ್ದರೆ?

ಮೂವತ್ತಮೂರು ವರ್ಷ ಮಕ್ಕಳಿಗೆ ಕಷ್ಟದ ವಿಷಯವನ್ನು ಆರಿಸಿಕೊಳ್ಳಿ, ಧೈರ್ಯ ಮಾಡಿ ಎಂದು ಹೇಳಿದೆ. ಅದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಕಷ್ಟದ ದಾರಿ ಹಿಡಿದ ಮಗುವಿನ ಹಿಂದೆ ನಿಂತವರಿಗೂ ಒಂದು ಪಾಠವಿದೆ, ಅದನ್ನು ನಾನು ಸರಿಯಾಗಿ ಓದಿರಲಿಲ್ಲ. ಏನಾಗಬೇಕೆಂದು ಕೇಳುವುದು, ಕೇಳಿದ್ದನ್ನು ಸೇರಬೇಕಾದ ಕಡೆ ಸೇರಿಸುವುದು, ಸೇರಿತೇ ಎಂದು ಹೋಗಿ ನೋಡುವುದು. ಮಗುವಿನ ಎರಡು ವರ್ಷದ ಓದು ನಮ್ಮ ಐದು ನಿಮಿಷದ ಕೆಲಸದ ಮೇಲೆ ನಿಂತಿರುತ್ತದೆ.

ಈಗಲೂ ಜೂನ್ ಬಂದರೆ ಮದ್ದೂರಿನಿಂದಲೋ ಮಳವಳ್ಳಿಯಿಂದಲೋ ಯಾರಾದರೂ ಫೋನು ಮಾಡಿ ಯಾವ ಕಾಂಬಿನೇಷನ್ ಎಂದು ಕೇಳುತ್ತಾರೆ. ಫೋನು ಮಗುವಿನ ಕೈಗೆ ಕೊಡಿ ಎನ್ನುತ್ತೇನೆ. ಅದರೊಡನೆ ಮಾತಾಡಿ ನನಗೆ ತೋಚಿದ್ದು ಹೇಳುತ್ತೇನೆ. ಆಮೇಲೆ, ಪ್ರವೇಶವಾದ ಮೇಲೆ ಪೋರ್ಟಲ್‌ನಲ್ಲಿ ಮಗುವಿನ ವಿಷಯಗಳು ಇರುವ ಪುಟದ ಫೋಟೋ ತೆಗೆದು ಕಳಿಸಿ ಎಂದು ಕೇಳಿಕೊಳ್ಳುತ್ತೇನೆ. ಕೆಲವರು ಕಳಿಸುತ್ತಾರೆ. ಕಳಿಸದವರಿಗೆ ನಾನೇ ಮತ್ತೆ ಫೋನು ಮಾಡುತ್ತೇನೆ. ನಾಲ್ಕು ಹೆಸರನ್ನೂ ಕಣ್ಣಾರೆ ಓದುವವರೆಗೆ ನನಗೆ ಊಟ ಸೇರುವುದಿಲ್ಲ.